ಕಡಲಕಾಗೆಯ ಮೇಲೆ ಇಟ್ಟ ಕಾಯಿ

ದೇವರ ಪಟಕ್ಕೆ ಹೂವು ಮುಡಿಸುವ ಮೊದಲೇ ಮಾಲತಿ ಕೌಂಟರಿನ ಕಂಪ್ಯೂಟರನ್ನು ಹಚ್ಚಿದಳು. ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಣ್ಣ ತೆರೆದಿದ್ದ ಆ ಸೈಬರ್ ಸೆಂಟರಿನಲ್ಲಿ ಹಗಲಿಡೀ ಕೂರುವವಳು ಅವಳೇ. ಷಟರ್ ಎತ್ತುವುದು, ಕಸ ಹೊಡೆಯುವುದು, ಹೂವು, ಊದುಬತ್ತಿ, ಆಮೇಲೆ ಯಂತ್ರ, ಹೀಗೊಂದು ಕ್ರಮವಿತ್ತು. ಇತ್ತೀಚೆಗೆ ಆ ಕ್ರಮ ತಪ್ಪಿತ್ತು. ಪರದೆ ಬೆಳಗಿ, ನೀಲಿ ಸಮುದ್ರ ಹರಡಿಕೊಂಡು, ದ್ವೀಪಗಳು ಒಂದೊಂದಾಗಿ ಮೇಲೆದ್ದು ಬರುವ ತನಕ ಅವಳು ಉಸಿರು ಹಿಡಿದಿದ್ದಳು. ಪಶ್ಚಿಮ ಮೂಲೆಯ ಸಣ್ಣ ಬಂದರಿನಲ್ಲಿ ಕಡಲಕಾಗೆ ಎಂಬ ಹೆಸರಿನಲ್ಲಿ ಆಡುವವನ ಹಡಗುಗಳು ನಿನ್ನೆ ನಿಂತಲ್ಲೇ ನಿಂತಿದ್ದವು. ಅವುಗಳ ಬಾವುಟ ಬೂದಿ ಬಣ್ಣಕ್ಕೆ ತಿರುಗಿತ್ತು. ಆಡುವವನು ಬಹಳ ದಿನ ಬಾರದೆ ಹೋದರೆ ಆಟ ತಾನಾಗಿಯೇ ಹಾಗೆ ಬಣ್ಣ ಬದಲಿಸುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಬೂದಿಯ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಬರಬೇಕಿತ್ತು ಅವನು. ಬಂದು ಇನ್ನೊಂದು ಕೊಂಕು ಬರೆದಿದ್ದರೂ ಆಗುತ್ತಿತ್ತು. ಬೇರೆ ಯಾರ್ಯಾರದೋ ದೋಣಿಗಳು ಅವನ ಬಂದರಿನೊಳಗೆ ನುಗ್ಗಿ ಮೂಟೆ ಹೊತ್ತೊಯ್ಯುತ್ತಿದ್ದವು. ತಡೆಯುವವರೇ ಇರಲಿಲ್ಲ. ಹೆಣದ ಕಿವಿಯಿಂದ ಒಡವೆ ಬಿಚ್ಚುವುದನ್ನು ನೋಡುವವಳಂತೆ ಮಾಲತಿ ನೋಡುತ್ತಾ ಕೂತಳು.

ಅದು ಹಡಗು ಕಟ್ಟಿ, ದವಸ ತುಂಬಿ, ದ್ವೀಪದಿಂದ ದ್ವೀಪಕ್ಕೆ ಸಾಗಿಸುವ ಆಟ. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯವರೋ ಆಡುತ್ತಿದ್ದರು. ಕಾರವಾರದಿಂದ ಭಟ್ಕಳದ ತನಕ ಅಲ್ಲಲ್ಲಿ ಆಡುವವರೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಕೂಟಕ್ಕೆ ಹರಟುವ ಹಲಗೆಯೊಂದಿತ್ತು. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕೊಂಕಣಿ, ನವಾಯತಿ ಎಲ್ಲ ಕಲಸಿಕೊಂಡು ಬರುತ್ತಿದ್ದವು. ಅವಳಿಗೆ ಅಲ್ಲಿದ್ದ ಹೆಸರು ಲಂಗರು. ಗಂಡಸೆಂದೇ ತಿಳಿದು ಎಲ್ಲರೂ ಸರ್ ಎನ್ನುತ್ತಿದ್ದರು, ಅವಳು ತಿದ್ದಿರಲಿಲ್ಲ. ಮನೆಯಲ್ಲಿ ಅತ್ತಿಗೆ ಅವಳ ಮಾತು ಮುಗಿಯುವ ಮೊದಲೇ ಒಲೆಯ ಕಡೆ ತಿರುಗುವವಳು. ಇಲ್ಲಿ ಅವಳು ಎರಡು ಸಾಲು ಬರೆದರೆ ಜಗಳ ನಿಲ್ಲುತ್ತಿತ್ತು. ವಾದ ಮಾಡಿ, ಬೈಯಬೇಡಿ. ಎದುರಿನವರದು ಪೂರ್ತಿ ಓದಿ ಆಮೇಲೆ ಬರೆಯಿರಿ. ತಪ್ಪಾದರೆ ತಪ್ಪೆನ್ನಿ ಎಂದು ಕೂಟದ ನಿಯಮ ಬರೆದವಳೂ ಅವಳೇ. ಭಟ್ಕಳದ ಒಬ್ಬ ಹುಡುಗ ದುಬೈಗೆ ಹೋದ ಮೇಲೂ, ಲಂಗರು ಸರ್ ಇಲ್ಲದಿದ್ದರೆ ಈ ಕೂಟ ಯಾವತ್ತೋ ಹರಿದು ಹೋಗುತ್ತಿತ್ತು ಎಂದು ಅಲ್ಲಿಂದ ಬರೆದಿದ್ದ. ಆ ಸಾಲನ್ನು ಅವಳು ಅದೆಷ್ಟು ಸಲ ತೆಗೆದು ಓದಿದ್ದಳೋ. ಯಾರಿಗೂ ಒಂದು ಕೆಟ್ಟ ಮಾತು ಅಂದವಳಲ್ಲ. ಸಭ್ಯತೆ ಎಂದರೆ ಬಾಯಿಗೆ ಬಂದದ್ದನ್ನು ನುಂಗುವುದು ಎಂದು ತಿಳಿದಿದ್ದಳು. ನುಂಗಿದ್ದು ಒಳಗೆ ಹೋಗಿ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಕೂಟದವರೆಲ್ಲ ಕೂಡಿಟ್ಟದ್ದನ್ನು ಹೇರಿಕೊಂಡು ದೊಡ್ಡ ಪಡೆಯೊಂದು ದೂರದ ದ್ವೀಪಕ್ಕೆ ಹೊರಟಿತ್ತು. ನಡುದಾರಿಯಲ್ಲಿ ಎದುರು ಕೂಟದವರು ಹೊಂಚಿ ಕೂತು ಎಲ್ಲವನ್ನೂ ಮುಳುಗಿಸಿದರು. ಉಳಿದದ್ದು ಕಡಲಕಾಗೆಯ ಹಡಗುಗಳು ಮಾತ್ರ. ಅವನು ಹೊರಟ ಮೇಲೆ ತಿರುಗಿಸಿಕೊಂಡು ಬಂದಿದ್ದ. ಯಾರ ಕಡೆಗೂ ಬೆರಳು ತೋರಿಸುವುದು ಬೇಡ ಎಂದು ಶುರುಮಾಡಿ, ಕಡಲಕಾಗೆಯವರು ದಯವಿಟ್ಟು ವಿವರಿಸಿದರೆ ಎಲ್ಲರ ಮನಸ್ಸೂ ತಿಳಿಯಾಗುತ್ತದೆ ಎಂದು ಅವಳು ಬರೆದಳು. ಬರೆದು, ಓದಿ, ಎಲ್ಲೂ ಒರಟಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಅವನು ವಿವರಿಸಿದ. ದಾರಿ ಎಲ್ಲರಿಗೂ ಗೊತ್ತಾಗಿದೆ, ಹೋಗುವುದು ಬೇಡ ಎಂದು ನಾನು ಮೊದಲೇ ಹೇಳಿದ್ದೆನಲ್ಲ ಎಂದ. ಅವಳು, ನಿಮ್ಮ ಅಭಿಪ್ರಾಯಕ್ಕೆ ಗೌರವವಿದೆ, ಆದರೂ, ಎಂದಳು. ಅವನು ಇನ್ನೊಮ್ಮೆ ಹೇಳಿದ. ಅವಳು ಇನ್ನೊಮ್ಮೆ ಆದರೂ ಎಂದಳು. ಆಗ ಅವನು ಬರೆದ: ನೀವು ಯಾರಿಗೂ ಬೈಯೂದಿಲ್ಲ ಸರ್, ಅದು ಖರೆ. ಆದ್ರೆ ಯಾರ ಮಾತೂ ಕೇಳೂದೂ ಇಲ್ಲ. ಬಾಗಿಲು ತೆರೆದಿಟ್ಟ ಮನೆ ನಿಮ್ಮದು, ಒಳಗೆ ಹೋದ್ರೆ ಮಾತಾಡ್ಸೂ ಜನ ಇಲ್ಲ.

ಅದರ ಕೆಳಗೆ ನಗುವ ಹಳದಿ ಮುಖಗಳು ಸಾಲಾಗಿ ಬಂದು ಕೂತವು. ದುಬೈಯ ಹುಡುಗನದೂ ಒಂದಿತ್ತು. ಎಂಟನೇ ಇಯತ್ತೆಯಲ್ಲಿ ಕರಿಹಲಗೆಯ ಮುಂದೆ ನಿಂತಾಗ ಬೆನ್ನ ಹಿಂದೆ ಎದ್ದ ನಗೆ, ಲಂಗದ ಹಿಂಭಾಗದಲ್ಲಿ ಏನೋ ಇದೆಯೆಂದು ತಾನು ಗೋಡೆಗೆ ಒತ್ತಿ ನಿಂತದ್ದು, ಅಲ್ಲೇನೂ ಇರಲಿಲ್ಲ ಎಂದು ಮನೆಗೆ ಬಂದ ಮೇಲೆ ತಿಳಿದದ್ದು, ಎಲ್ಲ ಒಮ್ಮೆಗೇ ನೆನಪಿಗೆ ಬಂತು. ಮಾಲತಿ ಬೆರಳುಗಳನ್ನು ಕೀಲಿಮಣೆಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಎತ್ತಿ, ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದು ಬರೆದಳು. ಆ ವಾರದ ಮಂಗಳವಾರ ಬಾಡ ಊರಿನ ತನ್ನ ಮನೆಯಿಂದ ಹೊರಟು, ಹೊಳೆದಂಡೆಯ ಜಟಗ ದೇವರ ಕಟ್ಟೆಗೆ ತೆಂಗಿನಕಾಯಿ ಹಿಡಿದುಕೊಂಡು ಹೋದಳು.

ಅನ್ಯಾಯವಾಯಿತು ಅನ್ನಿಸಿದವರು, ಕೋರ್ಟು ಕಚೇರಿ ಹತ್ತಲಾರದವರು, ಜಟಗನ ಮುಂದೆ ಎದುರಾಳಿಯ ಹೆಸರು ಹೇಳಿ ಕಾಯಿ ಇಡಿಸುತ್ತಾರೆ. ಗದ್ದೆಯ ಅಂಚು ಒತ್ತಿದವನ ಮೇಲೆ, ಕೋಳಿ ಕದ್ದವನ ಮೇಲೆ. ಇಟ್ಟ ಕಾಯಿ ಅಲ್ಲೇ ಒಣಗುತ್ತದೆ. ಅದು ಒಣಗುವಷ್ಟರಲ್ಲಿ ಎದುರಾಳಿಗೆ ಏನೋ ಒಂದು ತಾಗುತ್ತದೆ ಎಂದು ಜನರ ನಂಬಿಕೆ. ಮಾಲತಿಗೆ ನಂಬಿಕೆ ಇತ್ತೇ ಎಂದರೆ, ಇತ್ತು ಎನ್ನಲೂ ಇಲ್ಲ ಎನ್ನಲೂ ಬಾರದು. ಯಾರಿಗೂ ಕೇಳಿಸದಂತೆ ಕೂಗಬೇಕಾಗಿತ್ತು, ಅಷ್ಟೇ. ಅಲ್ಲಿ ಪೂಜೆ ಮಾಡುವ ಮುದುಕ ಗುನಗ ಮಾಸ್ತಿ ಕಾಯಿಯನ್ನು ಕೈಯಲ್ಲಿ ತೂಗಿ ನೋಡಿದ.

"ಯಾರ ಮೇಲೆ ತಂಗಿ?"

"ಕಡಲಕಾಗೆ ಅಂತ."

"ಅದೆಂತ ಹೆಸರು? ಮನೆಯವ್ರು ಇಟ್ಟ ಹೆಸರು ಎಂತ?"

"ಅದು ಗೊತ್ತಿಲ್ಲ. ಹಾಗೇ ಕರೆಯೂದು ಎಲ್ರೂ."

"ನೋಡು, ಹೆಸರು ಸಮ ಇಲ್ಲದಿದ್ರೆ ಅದು ಯಾರ ಮನೆ ಬಾಗಿಲು ತಟ್ತದೋ ಹೇಳೂಕೆ ಬರೂದಿಲ್ಲ. ಎಂತ ಕೆಲಸ ಅವಂದು? ಹಡಗು ಗಿಡಗು ಅದೆಯಾ?"

ಆ ಕ್ಷಣ ಅವಳು ನಕ್ಕು, ಇಲ್ಲ ಅಜ್ಜ, ಇದು ಆಟದ ಮಾತು ಎಂದು ಕಾಯಿ ವಾಪಸು ತಗೊಂಡು ಬರಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹಳದಿ ಮುಖಗಳು ಕಣ್ಣಿಗೆ ಕಟ್ಟಿದವು. "ಅದೆ," ಅಂದಳು. "ಹಡಗದೆ ಅವನಿಗೆ."

ಮಾಸ್ತಿ ಕಣ್ಣು ಮುಚ್ಚಿ, ಕಡಲಕಾಗೆ ಅಂಬವ, ಹಡಗಿನವ, ಈ ಹೆಣ್ಣಿನ ಮನಸ್ಸು ನೋಯಿಸಿದ್ದಾನೆ, ಇವಳ ಎದುರು ಬಂದು ನಿಲ್ಲೂ ತನಕ ನೀರು ಅವನಿಗೆ ದಾರಿ ಕೊಡದೆ ಇರಲಿ ಎಂದ. ಅವನು ತರಕಾರಿ ಕೊಳ್ಳುವವನ ದನಿಯಲ್ಲಿ ಅಂದದ್ದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಹೊರಡುವಾಗ ಹಿಂದಿನಿಂದ ಕರೆದು ಹೇಳಿದ: "ತೆಗೆಸೂದಾದ್ರೆ ಒಬ್ಬಳೇ ಬರ್ಬೇಡ ಮತ್ತೆ. ಇಟ್ಟವರು, ಇಡಿಸ್ಕಂಡವರು ಇಬ್ರೂ ನಿಂತು ಆದದ್ದು ಆದ ಹಾಗೆ ಹೇಳ್ಕಂಡು ಒಂದೇ ತಂಬಿಗೆ ನೀರು ಕುಡೀಬೇಕು. ಅವ ಬರೂಕಾಗದಿದ್ರೆ ಹೆತ್ತವಳಾದ್ರೂ ಬರ್ಬೇಕು."

ಆವತ್ತಿನಿಂದ ಕಡಲಕಾಗೆ ಆಟಕ್ಕೆ ಬಂದಿರಲಿಲ್ಲ.

"ಎಂತ ಲಂಗರು ಸಾಹೇಬ್ರೆ, ಬೆಳಿಗ್ಗೆ ಬೆಳಿಗ್ಗೆ ಹುಣಸೆಹಣ್ಣು ತಿಂದ್ರಾ?" ಮಾಲತಿ ಬೆಚ್ಚಿ ತಲೆಯೆತ್ತಿದಳು. ಹೊನ್ನಾವರದ ನಿತ್ಯಾನಂದ ಬಾಗಿಲಲ್ಲಿ ನಿಂತಿದ್ದ. ಅಂಗಡಿ ಅಂಗಡಿಗೆ ಮೌಸು ಕೀಬೋರ್ಡು ಮಾರುತ್ತಾ ತಿರುಗುವವನು. ಲಂಗರು ಒಬ್ಬ ಹೆಂಗಸು ಎಂದು ಕೂಟದಲ್ಲಿ ತಿಳಿದಿದ್ದವನು ಅವನೊಬ್ಬನೇ. ಕಡಲಕಾಗೆ ಕಾಣುತ್ತಿಲ್ಲ ಎಂದಳು. "ಅವ ಇದ್ರೂ ಬೇಜಾರು, ಇಲ್ಲದಿದ್ರೂ ಬೇಜಾರು ನಿಮಗೆ," ಎಂದು ಅವನು ನಕ್ಕ. "ಮುರ್ಡೇಶ್ವರದವ ಅವ. ಅಲ್ಲೊಂದು ಲಾಡ್ಜಿಗೆ ಮೌಸ್ ಕೊಡೂಕೆ ಹೋದಾಗ ಪರದೆ ಮೇಲೆ ನಮ್ಮ ಆಟ ಕಂಡೆ. ಕೌಂಟರಲ್ಲಿ ರಾಜೇಶ ಅಂತ ಇದ್ದಾನಲ್ಲ, ಅವನ ತಮ್ಮನಂತೆ. ಯಾಕೆ, ಹೋಗಿ ತಪ್ಪಾಯ್ತು ಅಂತ್ರಾ?" ಅದು ತಮಾಷೆಯಾಗಿತ್ತು. ತಪ್ಪು ಎಂತದು ನನ್ನದು ಎಂದು ಅವಳು ಸೌಮ್ಯವಾಗಿಯೇ ಕೇಳಿದಳು. ಅವನು ನಗು ನಿಲ್ಲಿಸಿ ಅವಳ ಮುಖ ನೋಡಿದ. "ಅಕ್ಕ, ಒಂದು ಮಾತು ಹೇಳ್ತೆ, ಸಿಟ್ಟು ಮಾಡೂದಿಲ್ಲ ಅಂದ್ರೆ. ನೀವು ಸಿಟ್ಟು ಮಾಡಿದ್ರೇ ಚಲೋ ಇರ್ತಿತ್ತು."

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಕೂರಲಿಲ್ಲ. ಕರೆಂಟಿಲ್ಲ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿ ಷಟರ್ ಎಳೆದಳು. ಫ್ಯಾನಿನ ಸದ್ದು ಒಳಗೆ ಕೇಳುತ್ತಲೇ ಇತ್ತು.

ಮುರ್ಡೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಗಾಳಿ ಬಿಸಿಯಾಗಿ ಮುಖಕ್ಕೆ ಬಡಿಯಿತು. ಮಳೆಗಾಲಕ್ಕೆ ಬೋಟುಗಳೆಲ್ಲ ಬಂದ್ ಆಗುವ ಮೊದಲಿನ ದಿನಗಳು. ಕಡಲಿನ ಬಣ್ಣ ಕೆಟ್ಟಿತ್ತು. ಅವಳು ಕಡಲಕಾಗೆಗೆ ಒಂದು ಮುಖ ಕೊಟ್ಟುಕೊಂಡಿದ್ದಳು. ಕನ್ನಡಕ, ಕಾಲೇಜು ಕಲಿತ ನುಣುಪು ಕೆನ್ನೆ, ಒಂದು ಬದಿಗೆ ಎಳೆದ ತುಟಿ. ರಾತ್ರಿ ಮಲಗಿದಾಗ ಆ ಮುಖದ ಜೊತೆ ವಾದ ಮಾಡುತ್ತಿದ್ದಳು, ಪ್ರತಿಸಲವೂ ಗೆಲ್ಲುತ್ತಿದ್ದಳು. ಈಗ ಅದೇ ಮುಖಕ್ಕೆ ಏನೂ ಆಗದೆ ಇರಲಿ ಎಂದು ಕೇಳಿಕೊಳ್ಳುತ್ತಿದ್ದಳು. ಅವನು ಪರೀಕ್ಷೆಗೆ ಕೂತಿರಬೇಕು. ಜ್ವರ ಬಂದಿರಬೇಕು. ಆಟವೇ ಬೇಡವೆನಿಸಿರಬೇಕು. ನನ್ನ ಮೇಲಿನ ಸಿಟ್ಟಿನಿಂದಲೇ ಬಿಟ್ಟಿರಲಿ, ಅದೂ ಆದೀತು. ಲಾಡ್ಜಿನಲ್ಲಿ ಅಣ್ಣನ ಜೊತೆ ಚಹಾ ಕುಡಿಯುತ್ತಾ ಕೂತಿರುತ್ತಾನೆ, ನಾನೇ ಲಂಗರು ಎಂದರೆ ಪೆಚ್ಚಾಗುತ್ತಾನೆ, ಜಟಗನ ಕಟ್ಟೆಗೆ ಒಮ್ಮೆ ಬಾ ಮಾರಾಯ ಅಂದರೆ ನಗುತ್ತಾ ಬರುತ್ತಾನೆ. ಶರಾವತಿಯ ಸೇತುವೆ ಬಂತು. ಕೆಳಗೆ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವಂತಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದರ ಹಿಂದೆ ಒಂದು ಬೋಟುಗಳು ಅವಸರದಲ್ಲಿ ಒಳಗೆ ಬರುತ್ತಿದ್ದವು. ಹೊರಗೆ ಹೋಗುವುದು ಒಂದೂ ಕಾಣಲಿಲ್ಲ.

ಲಾಡ್ಜಿನ ಕೌಂಟರಿನಲ್ಲಿ ರಾಜೇಶ ಕೀಲಿಗಳನ್ನು ಮೊಳೆಗೆ ತೂಗುಹಾಕುತ್ತಿದ್ದ. ಮೂವತ್ತು ದಾಟಿದ, ದೊಡ್ಡ ಕೈಗಳ ಮನುಷ್ಯ. ಗೋಡೆಯ ಪಕ್ಕದ ಬೆಂಚಿನ ಮೇಲೆ, ಫೋನಿನ ಹತ್ತಿರ, ಒಬ್ಬಳು ಹೆಂಗಸು ಕಾಲು ಮಡಚಿ ಕೂತಿದ್ದಳು. ಖಾಲಿ ಮೀನುಬುಟ್ಟಿ ಬೆಂಚಿನ ಕೆಳಗಿತ್ತು.

"ರೂಮು ಬೇಕಾ ಅಕ್ಕೋರೆ?"

"ಅಲ್ಲ. ನಿಮ್ಮ ತಮ್ಮನ್ನ ನೋಡ್ಬೇಕಿತ್ತು. ಕಂಪ್ಯೂಟರಲ್ಲಿ ಆಡ್ತಾನಲ್ಲ, ಅವ."

"ಜಟ್ಟನ್ನಾ?" ರಾಜೇಶನ ಮುಖ ಅರಳಿತು. "ಅಯ್ಯೋ, ಅವನಿಗೆ ಇಲ್ಲಿಗೆ ಬಂದ್ರೆ ಅದೇ ಹುಚ್ಚು. ಯಜಮಾನ್ರು ಇಲ್ಲದ ಹೊತ್ತಲ್ಲಿ ಕೂತ್ಕಳ್ತಾನೆ. ಒಂದೇ ಬೆರಳಲ್ಲಿ ಕುಟ್ಟೂದು. ನೀರಲ್ಲಿ ಸಾಯೂದು ಸಾಲೂದಿಲ್ವಾ, ದಡಕ್ಕೆ ಬಂದೂ ಹಡಗೇ ಬೇಕಾ ಅಂತ ನಾ ಬೈಯೂದು." ಅಂದವನು ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದ. "ಬೋಟಿಗೆ ಹೋಗಿದ್ದಾನೆ. ಕೊನೇ ಟ್ರಿಪ್. ಬರ್ತಾನೆ ಇವತ್ತು ನಾಳೆ."

"ಬೋಟಿಗಾ," ಅಂದಳು ಮಾಲತಿ. ಕನ್ನಡಕದ ಮುಖ ಕರಗಿ ಹೋಯಿತು. ಅದರ ಜಾಗದಲ್ಲಿ ಯಾವ ಮುಖವೂ ಬರಲಿಲ್ಲ, ಕೀಲಿಮಣೆಯ ಮೇಲೆ ಅಕ್ಷರ ಹುಡುಕುವ ಒಂದು ಬೆರಳು ಮಾತ್ರ ಕಂಡಿತು. ಆ ಒಂದು ಬೆರಳಿನಿಂದ ಅವನು ಎರಡೆರಡು ಸಲ ವಿವರಿಸಿದ್ದ. "ಉಳಿದ ಬೋಟಿನವ್ರು?"

"ಬಂದ್ರು ಎಲ್ಲ," ಎಂದು ಬೆಂಚಿನ ಮೇಲಿದ್ದವಳು ಹೇಳಿದಳು. ಅಷ್ಟೇ. ಅವಳು ಬೆಳ್ಳಿ, ಅವರಿಬ್ಬರ ತಾಯಿ. ಎಂಜಿನ್ ಕೆಟ್ಟು ಮಲ್ಪೆಯ ಕಡೆಗೋ ಗೋವೆಯ ಕಡೆಗೋ ಹೋಗಿರುತ್ತಾರೆ, ಬೋಟಿನ ಯಜಮಾನರು ಇಲ್ಲಿಗೇ ಫೋನ್ ಮಾಡುತ್ತೇವೆ ಅಂದಿದ್ದಾರೆ, ಸುಮ್ಮನೆ ಮನೆಗೆ ಹೋಗು ಅಂದರೆ ಅಮ್ಮ ಕೇಳುವುದಿಲ್ಲ ಎಂದು ರಾಜೇಶ ಒಂದೇ ಉಸಿರಿಗೆ ಹೇಳಿದ. ಹೊರಗೆ ಎಲ್ಲಿಯೋ ತಗಡಿನ ಹಾಳೆಯೊಂದು ಗಾಳಿಗೆ ಎದ್ದು ಬಡಿಯಿತು.

ಹೋಗಿಬಿಡಬಹುದಿತ್ತು. ದೇವರು ಕಾಪಾಡುತ್ತಾನೆ ಎಂದು, ಆ ಹೆಂಗಸಿನ ಕೈ ಒಮ್ಮೆ ಮುಟ್ಟಿ, ಹೊರಟುಬಿಟ್ಟಿದ್ದರೆ ಅವರು ಅವಳನ್ನು ಒಳ್ಳೆಯವಳೆಂದೇ ನೆನೆಯುತ್ತಿದ್ದರು. ಮಾಲತಿಯ ಬಾಯಲ್ಲಿ ಆ ಮಾತು ಸಿದ್ಧವಾಗಿಯೂ ಇತ್ತು, ನುಣ್ಣಗೆ, ಎಲ್ಲೂ ಒರಟಿಲ್ಲದೆ. ಅದು ಅಷ್ಟು ಬೇಗ ಸಿದ್ಧವಾದದ್ದೇ ಅವಳಿಗೆ ಹೇಸಿಗೆಯಾಯಿತು. ಬೆಂಚಿನ ತುದಿಗೆ ಕೂತಳು.

"ಅಮ್ಮ, ನಾನು ನಿಮ್ಮ ಮಗನ ಮೇಲೆ ಕಾಯಿ ಇಡಿಸಿದ್ದೇನೆ."

ರಾಜೇಶನ ಕೈಯಿಂದ ಕೀಲಿ ಬಿತ್ತು. "ಎಂತ ಅಂದೆ?" ಎಂದು ಅವನು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದ. ಅಕ್ಕೋರೆ ಹೋಗಿ ಏಕವಚನ ಬಂದಿತ್ತು. "ಎಲ್ಲಿ ಇಡಿಸಿದೆ? ನಿಂಗೆಂತ ಮಾಡಿದ್ದ ಅವ? ತಲೆ ಸಮ ಅದೆಯಾ ನಿಂದು?" ಬೆಳ್ಳಿ ಮಗನ ಕಡೆ ನೋಡದೆ ಅಂಗೈ ಎತ್ತಿದಳು. ಅವನು ನಿಂತ.

"ಯಾವ ದೇವ್ರ ಮುಂದೆ?"

"ಜಟಗನ ಮುಂದೆ."

"ಆ ದೇವ್ರಿಗೆ ಹೇಳ್ಕಂಡೇ ಹುಟ್ಟಿದ್ದು ಅವ. ಅದಕ್ಕೇ ಆ ಹೆಸರು." ಬೆಳ್ಳಿ ಇದನ್ನು ಮಾಲತಿಗೆ ಹೇಳಿದಂತಿರಲಿಲ್ಲ. ಆಮೇಲೆ ತಿರುಗಿ ಕೂತಳು. ಅವಳ ಕಣ್ಣು ಮಾಲತಿಯ ಬಾಯಿಯ ಮೇಲೆ ನಿಂತಿತು, ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಕೇಳಿಸಿಕೊಳ್ಳುವವಳ ಹಾಗೆ. "ಎಂತ ಮಾಡಿದ ನಿಂಗೆ? ಹೇಳು. ಪೂರಾ ಹೇಳು."

"ನಾವು ಕಂಪ್ಯೂಟರಲ್ಲಿ ಒಂದು ಆಟ ಆಡ್ತೇವೆ. ಹಡಗಿನ ಆಟ. ನಮ್ಮ ಹಡಗೆಲ್ಲ ಮುಳುಗಿ ಹೋಯ್ತು."

"ಖರೇ ಹಡಗಾ?"

"ಅಲ್ಲ."

"ಜನ ಇದ್ರಾ ಅದ್ರಲ್ಲಿ?"

"ಇಲ್ಲ. ಚಿತ್ರ ಅದು."

ಬೆಳ್ಳಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಮುಳುಗಿಸಿದ್ದು ಜಟ್ಟನಾ?"

"ಅಲ್ಲ, ಬೇರೆಯವ್ರು. ಅವ ತನ್ನ ಹಡಗು ತಿರುಗಿಸ್ಕಂಡು ಹೋದ, ನಮ್ಮ ಸಂಗಡ ಬರ್ಲಿಲ್ಲ."

"ಎಂತಕ್ಕೆ?"

"ದಾರಿ ಎಲ್ರಿಗೂ ಗೊತ್ತಾಗಿಬಿಟ್ಟದೆ, ಹೋಗೂದು ಬೇಡ ಅಂದ."

"ಗೊತ್ತಾಗಿತ್ತಾ?"

ಇಷ್ಟು ದಿನ ಈ ಪ್ರಶ್ನೆಯ ಹತ್ತಿರಕ್ಕೆ ಬಂದಾಗೆಲ್ಲ ಅವಳು ಪಕ್ಕಕ್ಕೆ ಸರಿಯುತ್ತಿದ್ದಳು. ಅವನ ಧಾಟಿ ಸರಿಯಿರಲಿಲ್ಲ, ಕೂಟದೆದುರು ಹಾಗೆ ಬರೆಯಬಾರದಿತ್ತು, ನಿಯಮ ಎಂದರೆ ನಿಯಮ. ಈಗ ಧಾಟಿಯ ಮಾತೇ ಇರಲಿಲ್ಲ. ಆ ಹೆಂಗಸಿಗೆ ಧಾಟಿ ಬೇಕಿರಲಿಲ್ಲ. "ಗೊತ್ತಾಗಿತ್ತು," ಎಂದಳು.

"ಯಾರು ಹೇಳಿದ್ದು ಅವ್ರಿಗೆ?"

ಕೂಟಕ್ಕೆ ಇನ್ನೊಂದು ಹಲಗೆಯಿತ್ತು, ಹೊಸಬರನ್ನು ಸ್ವಾಗತಿಸುವುದಕ್ಕೆ, ಯಾರು ಬೇಕಾದರೂ ಬಂದು ಓದಬಹುದಾದದ್ದು. ಪಡೆ ಹೊರಡುವ ಮೊದಲು ಒಂದು ಸಂಜೆ ಅವಳು ಖುಷಿಯಲ್ಲಿದ್ದಳು. ನಮ್ಮ ಪಡೆ ಇಂಥ ದಿನ ಇಂಥ ದಾರಿಯಲ್ಲಿ ಹೊರಡಲಿದೆ, ನೀವೂ ಬನ್ನಿ ಎಂದು ಅಲ್ಲಿ ಬರೆದಿದ್ದಳು. ಮರುದಿನ ಹಲಗೆ ತಪ್ಪಿದ್ದು ಕಂಡು ಅಳಿಸಿದ್ದಳು. ಅಳಿಸಿದ ಮೇಲೆ ಅದು ಬರೆದದ್ದೇ ಅಲ್ಲ ಎಂದಾಗಿತ್ತು. ಕಡಲಕಾಗೆ ಅದನ್ನು ಓದಿದ್ದ. ಆದರೂ ಎಲ್ಲರೆದುರು ಇವರೇ ಬರೆದದ್ದು ಎಂದು ಒಮ್ಮೆಯೂ ಹೇಳಿರಲಿಲ್ಲ. ದಾರಿ ಗೊತ್ತಾಗಿದೆ ಎಂದಷ್ಟೇ ಹೇಳಿದ್ದ, ಎರಡು ಸಲ. ಅವಳ ಮರ್ಯಾದೆ ಉಳಿಸಲೆಂದೇ ಅಷ್ಟಕ್ಕೆ ನಿಲ್ಲಿಸಿದ್ದ. ಅದು ಈಗ, ಈ ಬೆಂಚಿನ ಮೇಲೆ, ಮೀನಿನ ವಾಸನೆಯ ಈ ಹೆಂಗಸಿನ ಎದುರು ಅವಳಿಗೆ ತಿಳಿಯಿತು.

"ನಾನೇ," ಎಂದಳು.

ರಾಜೇಶ ಬಗ್ಗಿ ಕೀಲಿ ಹೆಕ್ಕಿದ, ಅದನ್ನು ಎಲ್ಲಿ ತೂಗುಹಾಕಬೇಕೆಂದು ಮರೆತವನಂತೆ ಕೈಯಲ್ಲೇ ಹಿಡಿದು ನಿಂತ. ತೆಗೆಸುವ ರೀತಿಯನ್ನು ಮಾಲತಿ ಹೇಳಿದಳು. ಇಬ್ಬರೂ ನಿಲ್ಲಬೇಕು, ಅವನಿಲ್ಲದಿದ್ದರೆ ತಾಯಿ. "ಇಂತಾದ್ದೆಲ್ಲ ನಂಬೂದಾ ಅಮ್ಮ? ಕಾಯಿ ಇಟ್ರೆ ಎಂಜಿನ್ ಕೆಡ್ತದಾ?" ಎಂದ ರಾಜೇಶ. ಅವನ ದನಿಯೇ ಅವನನ್ನು ನಂಬಿರಲಿಲ್ಲ. ಬೆಳ್ಳಿ ಆಗಲೇ ಎದ್ದು ಸೆರಗು ಬಿಗಿದುಕೊಂಡಿದ್ದಳು. "ನೀ ಫೋನಿನ ಹತ್ರ ಕೂತ್ಕ. ನಾ ಬರೂ ತನಕ ಏಳ್ಬೇಡ, ಯಾರು ಕರೆದ್ರೂ." ಮಾಲತಿಗೆ, "ನಡಿ," ಎಂದಳು.

ಹೆದ್ದಾರಿಯ ತನಕ ಬೆಳ್ಳಿ ಮುಂದೆ, ಮಾಲತಿ ಹಿಂದೆ ನಡೆದರು. ಕುಮಟೆಯ ಬಸ್ಸು ಅರ್ಧ ಖಾಲಿಯಿತ್ತು. ಬೆಳ್ಳಿ ಮಾಲತಿಯನ್ನು ಕಿಟಕಿಯ ಕಡೆಗೆ ಕೂರಿಸಿ ತಾನು ಹೊರಗಡೆ ಕೂತಳು. ಕೂತು, ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಪ್ರೀತಿಯಿಂದ ಹಿಡಿದದ್ದಲ್ಲ, ನೋಯಿಸಲೂ ಅಲ್ಲ. ಬುಟ್ಟಿ ಸೇರುವ ತನಕ ಜಾರಿ ನೀರಿಗೆ ಬೀಳದ ಹಾಗೆ ಮೀನನ್ನು ಹಿಡಿಯುವ ಹಿಡಿತ. ಆಕಾಶ ಪಶ್ಚಿಮದ ಕಡೆ ತಾಮ್ರದ ಹಂಡೆಯ ತಳದಂತೆ ಕಪ್ಪಾಗುತ್ತಿತ್ತು. ಮಂಕಿ ದಾಟುವಾಗ ಗಾಳಿ ಒಮ್ಮೆಲೇ ನಿಂತುಹೋಯಿತು, ತೆಂಗಿನ ಗರಿಗಳು ಅಲ್ಲಾಡದೆ ತೂಗಿಕೊಂಡವು. ಮಾಲತಿಗೆ ಅಳು ಬಂತು. ಅಳುವುದೂ ಇಲ್ಲಿ ಒಂದು ಉಪಾಯವಾದೀತು ಅನ್ನಿಸಿ ತಡೆದುಕೊಂಡಳು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸತೊಡಗಿದಳು, ಮೊದಲು ಇದು, ಆಮೇಲೆ ಅದು. ಜೋಡಿಸಿದಷ್ಟೂ ಅದು ನುಣ್ಣಗಾಗುತ್ತಾ ಹೋಯಿತು. ಕೆಡವಿದಳು.

"ಅಮ್ಮ, ಜಟ್ಟ ಬಂದ ಮೇಲೆ ನಾನು ಅವನ ಎದುರೇ..."

"ಈಗ ಹೇಳ್ಬೇಡ. ಅಲ್ಲಿ ಹೇಳು." ಬೆಳ್ಳಿ ರಸ್ತೆಯನ್ನೇ ನೋಡುತ್ತಿದ್ದಳು. "ನಿಂದು ಎಂತ ಅದೆಯೋ ಎಲ್ಲ ಹೇಳಿ ಮುಗಿಸು, ನಾ ನಡುವೆ ಬಾಯಿ ಹಾಕೂದಿಲ್ಲ. ಅದು ಮುಗಿದ ಮೇಲೆ ನಾ ಹೇಳೂದು ಅದೆ."

"ನೀವು ಎಂತ ಹೇಳೂದು?"

ಮಣಿಕಟ್ಟಿನ ಮೇಲಿನ ಬೆರಳುಗಳು ಬಿಗಿಯಾಗಲೂ ಇಲ್ಲ, ಸಡಿಲಾಗಲೂ ಇಲ್ಲ. ಆ ಬೆರಳುಗಳ ಅಡಿಯಲ್ಲಿ ತನ್ನ ನಾಡಿ ಓಡುತ್ತಿರುವುದು ಮಾಲತಿಗೆ ಕೇಳಿಸುತ್ತಿತ್ತು. ಅದನ್ನು ಆ ತಾಯಿಯೂ ಕೇಳುತ್ತಿದ್ದಾಳೆ, ಇಡೀ ದಾರಿ ಕೇಳುತ್ತಲೇ ಇರುತ್ತಾಳೆ ಎಂದು ತಿಳಿದು ಅವಳು ಕೈ ಎಳೆದುಕೊಳ್ಳಲಿಲ್ಲ.